ಬುಟ್ಟಿಯ ಕೆಳಗಿನ ಕಾಡತೊಗರಿ

ಮಗು ಮಲಗಿದ ಮೇಲೆ ಅದರ ಮೂಗಿನ ಮುಂದೆ ಬೆರಳು ಹಿಡಿದು ನೋಡುವುದು ಪಂಚಶೀಲಾಳಿಗೆ ಚಟವಾಗಿಬಿಟ್ಟಿತ್ತು. ಉಸಿರು ತಾಗಿದರೆ ಸಮಾಧಾನ. ತಾಗಿದ್ದು ಉಸಿರೋ ಫ್ಯಾನಿನ ಗಾಳಿಯೋ ಎಂದು ಮರುಕ್ಷಣವೇ ಅನುಮಾನ. ಫ್ಯಾನು ಆರಿಸಿ ಇನ್ನೊಮ್ಮೆ ಬೆರಳು ಹಿಡಿಯುವಷ್ಟರಲ್ಲಿ ಸೆಕೆಗೆ ಮಗು ಎದ್ದು ಅಳುತ್ತಿತ್ತು.

“ಮಲಗಿದ ಕೂಸಿನ ಎಬ್ಬಿಸಿ ಮತ್ತ ಮಲಗಸಾಕ ಕುಂದ್ರತಿ. ನಿನಗ ಬ್ಯಾರೆ ಕೆಲಸ ಇಲ್ಲೇನವ್ವ?” ಎಂದು ಅತ್ತೆ ಮೋನಮ್ಮ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು.

ಬೇರೆ ಕೆಲಸ ಇತ್ತು. ಅದು ಹಿತ್ತಲಿನ ಗೋಡೆಯ ಬದಿ, ಕಿವಿ ಮುರಿದ ಬಕೆಟ್ಟುಗಳಲ್ಲಿ ಬೆಳೆಯುತ್ತಿತ್ತು. ನೋಡಿದವರಿಗೆ ಕಸ. ತೊಗರಿಯ ಎಲೆಯನ್ನೇ ಹೋಲುವ, ಅದಕ್ಕಿಂತ ಸಣ್ಣಗಿನ, ಮುಟ್ಟಿದರೆ ಸ್ವಲ್ಪ ಒರಟಾದ ಎಲೆಯ ಬಳ್ಳಿ. ಗೋಡೆಗೆ ಬಡಿದ ಮೊಳೆಗೆ ದಾರ ಕಟ್ಟಿ ಹಬ್ಬಿಸಿದ್ದಳು. ಪಕ್ಕದ ಮನೆಯ ಖುರ್ಷೀದಬೇಗಂ ಗೋಡೆಯ ಮೇಲಿಂದ ಇಣುಕಿ, “ಶೀಲಾಬಾಯಿ, ಮಂದಿ ಮಲ್ಲಿಗಿ ಹಬ್ಬಿಸ್ತಾರ, ನೀವು ಆಡು ತಿನ್ನೋದು ಹಬ್ಬಿಸೀರಿ” ಎಂದು ನಗಾಡಿದ್ದಳು. ಆಕೆಯ ಮನೆಯಲ್ಲಿ ಆಡಿತ್ತು. ಆ ಆಡು ದಿನಕ್ಕೊಮ್ಮೆಯಾದರೂ ಗೋಡೆಯ ಮೇಲೆ ಮುಂಗಾಲಿಟ್ಟು ಬಕೆಟ್ಟುಗಳ ಕಡೆ ನೋಡುತ್ತಿತ್ತು.

ಪಂಚಶೀಲಾ ಹುಟ್ಟಿ ಓದಿದ್ದೆಲ್ಲ ಕಲಬುರಗಿಯಲ್ಲಿ. ರೈಲ್ವೆ ಕಾಲೊನಿ, ಕಾನ್ವೆಂಟು, ಕಾಲೇಜು, ಆಮೇಲೆ ಸಸ್ಯಶಾಸ್ತ್ರದ ಎಮ್ಮೆಸ್ಸಿ. ಮುಜಫರ ಸರ್ ಎಂಬ ಮೇಷ್ಟ್ರ ಕೈಕೆಳಗೆ ಸಂಶೋಧನೆಗೆ ಸೇರಿದಾಗ ಅವಳ ಅವ್ವ ಇನ್ನೂ ಇದ್ದಳು. ‘ಎಲಿ ನೋಡಿದ್ರ ಪಗಾರ ಕೊಡ್ತಾರೇನ?’ ಎಂದು ಕೇಳಿ, ಸಂಜೆ ಬೀದಿಯವರಿಗೆಲ್ಲ ತಾನೇ ಪೇಡೆ ಹಂಚಿದ್ದಳು. ಆಮೇಲೆ ಅವ್ವ ಹೋದಳು. ಬಸ್ ಕಂಡಕ್ಟರ್ ಬುದ್ಧಪ್ರಿಯನ ಜೊತೆ ಮದುವೆಯಾಗಿ ಪಂಚಶೀಲಾ ಶಹಾಪುರಕ್ಕೆ ಬಂದಳು. ಇಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು, ಬಸುರಿಯಾದಳು, ಕೆಲಸ ಬಿಟ್ಟಳು. ಹೆಣ್ಣುಕೂಸು ಹುಟ್ಟಿತು. ಸುಜಾತಾ ಎಂದು ಹೆಸರಿಟ್ಟರು. ಚೊಚ್ಚಲ ಬಾಣಂತನ ತವರಿನದು ಅನ್ನುತ್ತಾರೆ. ತವರಲ್ಲಿ ಅವ್ವನೇ ಇಲ್ಲದ್ದಕ್ಕೆ ಮೋನಮ್ಮ ಬಳಿಚಕ್ರವೆಂಬ ಹಳ್ಳಿಯ ತನ್ನ ಮನೆಗೆ ಕೀಲಿ ಜಡಿದು, ಕೌದಿಯ ಗಂಟು ಹೊತ್ತು, ತಾನೇ ಬಂದಳು.

ಬಾಣಂತನ ಮುಗಿದು ತಿಂಗಳುಗಳಾದರೂ ಮೋನಮ್ಮ ವಾಪಸು ಹೋಗಿರಲಿಲ್ಲ. ಹೋಗೆಂದು ಯಾರೂ ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಜೀವಮಾನವೆಲ್ಲ ತೊಗರಿ ಹೊಲದಲ್ಲಿ ಹೆಣ್ಣಾಳುಗಳ ಸಾಲಿನೊಳಗೆ ಮಾತಾಡುತ್ತ ಬಗ್ಗಿದವಳಿಗೆ ಈ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಗೆದದ್ದನ್ನೇ ಒಗೆಯುತ್ತಿದ್ದಳು. ಸೊಸೆಗೂ ಹಾಗೆಯೇ. ಗಂಡ ಹೈದರಾಬಾದಿನ ರೂಟಿನಲ್ಲಿ ಎರಡು ದಿನಕ್ಕೊಮ್ಮೆ ಬರುವವನು. ಬಸ್ಸಿನ ತುಂಬ ಮಂದಿಯೊಡನೆ ಒದರಿ ಒದರಿ ಮನೆಗೆ ಬರುವಾಗ ಅವನಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ಇಬ್ಬರಿಗೂ ಒಂಟಿತನ; ಆದರೆ ಒಬ್ಬಳದು ಇನ್ನೊಬ್ಬಳದಕ್ಕೆ ತಾಗುತ್ತಿರಲಿಲ್ಲ.

ತಾಗಿದ್ದು ಒಂದೇ ದಿನ. ಶ್ರಾವಣದ ಬೆಳಗು. ಮೋನಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಪಂಚಶೀಲಾ ಬಕೆಟ್ಟುಗಳಿಗೆ ನೀರು ಹನಿಸುತ್ತ, ಎಣ್ಣೆ ಕೂಸಿನ ಕಿವಿಗೆ ಇಳಿಯುತ್ತದೇನೋ ಎಂದು ಒಂದು ಕಣ್ಣು ಆ ಕಡೆಗೇ ಇಟ್ಟಿದ್ದಳು.

“ಏನೈತಿ ಆ ಎಲ್ಯಾಗ? ಕೂಸಿನಕಿಂತ ಬಾಳ ಜ್ವಾಕಿ ಮಾಡ್ತಿ” ಎಂದಳು ಮೋನಮ್ಮ.

ಅಷ್ಟು ದಿನ ಯಾರೂ ಕೇಳಿರಲಿಲ್ಲ. ಪಂಚಶೀಲಾ ಚೊಂಬು ಕೆಳಗಿಟ್ಟಳು. “ಎಲಿ ಹಸರ ಇರೋದು ಯಾಕ ಅಂದ್ರ, ಅದರೊಳಗ ಸಣ್ಣ ಸಣ್ಣ ಹಸರ ಕಣ ಅದಾವ್ರಿ ಅತ್ತಿ. ಕ್ಲೋರೋಪ್ಲಾಸ್ಟ್ ಅಂತಾರ. ಬಿಸಲ ತಗೊಂಡು ಇಡೀ ಗಿಡಕ್ಕ ಅಡಗಿ ಮಾಡೋವು ಅವ. ಮೊದಲ ಅವು ಗಿಡದಾಗ ಇರಲಿಲ್ಲ. ಕೋಟಿಗಟ್ಟಲೆ ವರ್ಷದ ಹಿಂದ ನೀರಾಗ ತಮ್ಮ ಪಾಡಿಗೆ ತಾವು ಬದಕಿದ್ವು. ಇನ್ನೊಂದು ಜೀವ ಬಂದು ನುಂಗ್ತು. ನುಂಗ್ತು, ಖರೆ ಅರಗಿಸಿಕೊಳ್ಳಲಿಲ್ಲ. ಇವು ಒಳಗ ಉಳದ್ವು, ಅಲ್ಲೇ ಅಡಗಿ ಮಾಡಾಕ ಹತ್ತಿದ್ವು.”

“ಹಂಗಾರ ಅದು ಸೊಸಿ” ಎಂದಳು ಮೋನಮ್ಮ.

ಪಂಚಶೀಲಾಳಿಗೆ ನಗು ಬಂತು. “ಹಂಗೇ ಅನ್ರಿ. ಬರುವಾಗ ತಂದ ಗಂಟು ದೊಡ್ಡದಿತ್ತು. ಹೆಂಗ ಬದಕಬೇಕು ಅನ್ನೋದರ ಸೂತ್ರ ಎಲ್ಲಾ ಅದರಾಗ ಇತ್ತು. ದಿನಾ ಹೋದಂಗ ಒಂದೊಂದ ತಗದು ಮನಿಯ ದೊಡ್ಡ ಪೆಟ್ಟಿಗ್ಯಾಗ ಇಡಾಕ ಹತ್ತಿತು. ಕೆಲವು ಕಳದೇ ಹೋದ್ವು. ಈಗ ಅದರ ಕೈಯಾಗ ಉಳದದ್ದು ಜರಾ ಅಷ್ಟ. ಹೊರಗ ಬಿಟ್ರ ಬದಕಂಗಿಲ್ಲ. ಗಿಡಾನೂ ಅದನ್ನ ಬಿಟ್ಟು ಬದಕಂಗಿಲ್ಲ.”

“ಏನ ಉಳಿಸಿಕೊಂಡೈತಿ?”

“ಒಲಿ ಮುಂದ ಬೇಕಾಗೋವು.”

ಮೋನಮ್ಮ ಕೂಸಿನ ಮೊಣಕಾಲು ನೀವಿದಳು. “ಎಲ್ಲಾ ಕೊಟ್ಟು ಅಷ್ಟರ ಯಾಕ ಇಟಗೊಂಡಿತು?”

ಇದಕ್ಕೆ ಪುಸ್ತಕಗಳಲ್ಲೂ ಒಂದೇ ಉತ್ತರವಿಲ್ಲ. ಬೆಳಕು ಏರಿಳಿದಾಗ ದೂರದ ಪೆಟ್ಟಿಗೆಯನ್ನು ಕೇಳುತ್ತ ಕೂರಲಾಗದ ಕೆಲಸಗಳನ್ನು ಕಣ ತನ್ನ ಕೈಯಲ್ಲೇ ಇಟ್ಟುಕೊಂಡಿದೆ ಎಂದು ಕೆಲವರು ಹೇಳುತ್ತಾರೆ. ಪಂಚಶೀಲಾ ಅದನ್ನೇ ಹೇಳಿದಳು. ಇನ್ನೊಂದನ್ನೂ ಹೇಳಿದಳು: ಹೂ ಬಿಡುವ ಗಿಡಗಳಲ್ಲಿ ಬಹುಪಾಲು ಈ ಹಸಿರು ಕಣ ತಾಯಿಗಿಡದಿಂದಲೇ ಬೀಜಕ್ಕೆ ಇಳಿಯುವುದು, ಗಂಡಿನ ಪರಾಗ ಅದನ್ನು ತರುವುದಿಲ್ಲ. ಅದಕ್ಕೇ ಅದರ ಸೂತ್ರವನ್ನು ಓದುತ್ತ ಹಿಂದೆ ಹಿಂದೆ ಹೋದರೆ ತಾಯಿ, ತಾಯಿಯ ತಾಯಿ, ಅವಳ ತಾಯಿ, ಹೀಗೆ ಒಂದೇ ದಾರಿ ಸಿಗುತ್ತದೆ.

“ಅಪ್ಪನ ಕಡಿಂದ ಏನೂ ಇಲ್ಲ?”

“ಈ ವಿಷಯದಾಗ ಏನೂ ಇಲ್ರಿ.”

“ಬೇಷಾತು. ನಿನ್ನ ಮಾವ ಇದ್ದಿದ್ರ ಹೇಳತಿದ್ದೆ” ಎಂದು ಮೋನಮ್ಮ ಕೂಸಿನ ಮೂಗು ಹಿಂಡಿದಳು. ಅಂದು ಇಬ್ಬರೂ ನಕ್ಕರು. ಮರುದಿನದಿಂದ ಮತ್ತೆ ಒಗೆದದ್ದನ್ನೇ ಒಗೆಯುವುದು, ಉಸಿರಿಗೆ ಬೆರಳು ಹಿಡಿಯುವುದು.

ಈ ಬಳ್ಳಿ ಕಾಡತೊಗರಿ. ಹೊಲದ ತೊಗರಿಗೆ ದಾಯಾದಿ. ತೊಗರಿ, ಅವರೆ, ಶೇಂಗಾ ಎಲ್ಲ ಸೇರಿದ ಕಾಯಿಗಿಡಗಳ ದೊಡ್ಡ ಮನೆತನದಲ್ಲಿ ಹಸಿರು ಕಣದ ಕೈಯಿಂದ ಯಾವುದು ಯಾವಾಗ ಜಾರಿತು, ಸೂತ್ರ ಬರೆದ ದಾರದ ಯಾವ ತುಂಡು ತಿರುವುಮುರುವಾಗಿ ಕೂತಿತು ಎಂದು ಹುಡುಕುವುದು ಅವಳ ಕೆಲಸವಾಗಿತ್ತು. ಸುರಪುರದ ದಾರಿಯ ಒಂದು ಗುಡ್ಡದ ಬುಡದಲ್ಲಿ ಬೆಳೆಯುತ್ತಿದ್ದ ಬಳ್ಳಿ ಬೇರೆ ಕಡೆಯದಕ್ಕಿಂತ ಸ್ವಲ್ಪ ಬೇರೆಯಾಗಿ ಕಂಡಿತ್ತು. ಬಸುರಿಯಾಗಿದ್ದಾಗ ಅಲ್ಲಿಂದ ಬೀಜ ಆರಿಸಿ ತಂದಿದ್ದಳು. ಹೆರಿಗೆಯಾಗಿ ಮತ್ತೆ ಹೋಗುವಷ್ಟರಲ್ಲಿ ರಸ್ತೆ ಅಗಲ ಮಾಡಲೆಂದು ಜೆಸಿಬಿ ಗುಡ್ಡದ ಬುಡವನ್ನು ಕೆತ್ತಿ ಒಯ್ದಿತ್ತು. ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಅವಳ ಮಟ್ಟಿಗೆ ಆ ಗುಡ್ಡದ ವಂಶ ಉಳಿದದ್ದು ಈ ಬಕೆಟ್ಟುಗಳಲ್ಲೇ.

ಭಾನುವಾರ ಮುಜಫರ ಸರ್ ಫೋನ್ ಮಾಡಿದರು. “ಪಂಚಶೀಲಾ, ಬುಧವಾರ ಎಲ್ಲರ ಸ್ಯಾಂಪಲ್ ಒಟ್ಟಿಗೆ ಹೈದರಾಬಾದಿಗೆ ಹೋಗ್ತಾವ, ಸೂತ್ರ ಓದಿಸಾಕ. ನಿಂದೊಂದು ಜಾಗಾ ಇಟ್ಟೀನಿ. ಎಳೀ ಎಲಿ ಬೇಕು, ಕುಡಿಯವು. ಎರಡು ದಿನ ಕತ್ತಲದಾಗ ಇಟ್ಟು ತಗೊಂಬಾ. ಮುಂದಿನ ಸಲ ಯಾವಾಗ ಅಂದ್ರ ನನಗೂ ಗೊತ್ತಿಲ್ಲಮ್ಮಾ. ಮಾರ್ಚಿಗೆ ನಾನೂ ರಿಟೈರ್.”

ಬಿಟ್ಟುಹೋದ ಸಂಶೋಧನೆ ತಿರುಗಿ ಕೈಗೆ ಬರುವುದಿದ್ದರೆ ಈ ಬುಧವಾರ. ತಪ್ಪಿದರೆ ತಾನು ಒಮ್ಮೆ ಏನೋ ಓದುತ್ತಿದ್ದೆ ಎಂದು ಸುಜಾತಾಳಿಗೆ ಹೇಳುವ ಕಥೆ ಮಾತ್ರ. ಎಲೆಗೆ ಬಿಸಿಲು ತಾಗುತ್ತಿದ್ದರೆ ಅದು ಪಿಷ್ಟ ತುಂಬಿಕೊಳ್ಳುತ್ತದೆ, ಹಸಿರು ಕಣವನ್ನು ಬಿಡಿಸುವಾಗ ಆ ಪಿಷ್ಟ ಅಡ್ಡ ಬರುತ್ತದೆ; ಅದಕ್ಕೇ ಕತ್ತಲು. ಸಂತೆಯಿಂದ ತಂದ ಎರಡು ದೊಡ್ಡ ಬಿದಿರ ಬುಟ್ಟಿಗಳನ್ನು ತೊಳೆದು ಬೋರಲು ಹಾಕಿ, ಸೋಮವಾರ ಸಂಜೆಯಿಂದ ಗಿಡಗಳನ್ನು ಇವುಗಳ ಕೆಳಗಿಡುವುದು ಎಂದು ಅತ್ತೆಗೆ ತಿಳಿಸಿದಳು.

“ಬಾಣಂತಿ ಕುಂದ್ರಿಸಿದಂಗ ಕತ್ತಲದಾಗ ಇಡ್ತೀಯೇನ?” ಎಂದು ಮೋನಮ್ಮ ಬುಟ್ಟಿಯ ಸಂದಿಗಳಿಗೆ ಹಳೆಯ ಬಟ್ಟೆ ತುರುಕಿಕೊಟ್ಟಳು.

ಕತ್ತಲಿನ ಸಂಗತಿ ಹೇಳಿದಳು. ಎಳೆಯ ಎಲೆಯ ಸಂಗತಿ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕೂಸಿಗೆ ಚುಚ್ಚುಮದ್ದು. ಆಸ್ಪತ್ರೆಯಲ್ಲಿ ಉದ್ದ ಸಾಲು. ಜ್ವರ ಬಂದರೆ ಏನು ಮಾಡಬೇಕೆಂದು ನರ್ಸಮ್ಮನನ್ನು ಪಂಚಶೀಲಾ ಮತ್ತೆ ಮತ್ತೆ ಕೇಳಿದ್ದಕ್ಕೆ ಕೊನೆಗೆ ಅವಳು, “ಅಕ್ಕಾ, ಕೂಸು ಆರಾಮ ಐತಿ, ನೀವ ಒಂದು ಗುಳಿಗಿ ನುಂಗ್ರಿ” ಅಂದಳು. ಮನೆಗೆ ಬಂದು ಮಗುವನ್ನು ಮಲಗಿಸಿ ಹಿತ್ತಲಿಗೆ ಹೋದಳು.

ಬಳ್ಳಿಗಳಿಗೆ ತುದಿಯೇ ಇರಲಿಲ್ಲ. ಒಂದಕ್ಕೂ ಇರಲಿಲ್ಲ. ಪ್ರತಿ ಕೊಂಬೆಯ ಎಳೆಯ ಕುಡಿಯನ್ನು ಉಗುರಿನಿಂದ ಒಪ್ಪವಾಗಿ ಚಿವುಟಿ ತೆಗೆಯಲಾಗಿತ್ತು. ಕೆಳಗಿನ ದಪ್ಪ, ಹಳೆಯ ಎಲೆಗಳು ಮಾತ್ರ ಉಳಿದಿದ್ದವು.

ಹಿಂದೆ ಮೋನಮ್ಮ ಬಂದು ನಿಂತಳು, ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ. “ಕತ್ತಲದಾಗ ಇಟ್ರ ಸೊರಗಿ ಉದ್ದಕ ಎಳದು ಬೀಳ್ತಾವ ಅಂತ ಚಿವುಟಿದೆ. ಈಗ ನಮ್ಮ ಕಡಿ ಎಲ್ಲಾ ಹೊಲದಾಗೂ ಇದೇ ನಡದಿರ್ತದ. ಕುಡಿ ಚಿವುಟಿದ್ರ ಮಗ್ಗಲಾಗ ಟೊಂಗಿ ಒಡಿತಾವ. ನೋಡ್ತಿರು, ಪೊದಿ ಆಗ್ತಾವ.”

“ಕುಡಿ ಎಲ್ಲಿ?”

ಮೋನಮ್ಮ ಗೋಡೆಯ ಕಡೆ ನೋಡಿದಳು. ಗೋಡೆಯಾಚೆಯಿಂದ ಖುರ್ಷೀದಬೇಗಂಳ ತಲೆ ಮೇಲೆ ಬಂತು. “ನಮ್ಮ ಆಡು ತಿಂತು ಶೀಲಾಬಾಯಿ. ಯಾಕ್ರಿ, ಔಷಧಿ ಗಿಷಧಿ ಹೊಡದಿದ್ರೇನು? ಗಬ್ಬ ಐತ್ರಿ ಅದು.”

“ಆಡಿಗೇನೂ ಆಗಂಗಿಲ್ರಿ” ಎಂದಳು ಪಂಚಶೀಲಾ. “ಆಗೋದೆಲ್ಲಾ ನನಗ ಆತು.” ಆಮೇಲೆ ಅತ್ತೆಯ ಕಡೆ ತಿರುಗಿದಳು. ದನಿ ಏರಲಿಲ್ಲ, ಕಾನ್ವೆಂಟಿನಲ್ಲಿ ಕಲಿತವರ ಸಿಟ್ಟು ತಣ್ಣಗಿರುತ್ತದೆ. “ಆ ಎಳೀ ಎಲಿನೇ ಬೇಕಾಗಿತ್ತು ನನಗ. ಇದು ನಿಮ್ಮ ಬಳಿಚಕ್ರದ ಹೊಲ ಅಲ್ಲ. ಕೈ ಸುಮ್ಮ ಇಟಗೊಂಡು ಕುಂದ್ರಾಕ ಬರಂಗಿಲ್ಲೇನ್ರಿ? ಯಾರರ ಕರದಿದ್ರೇನು ನಿಮಗ?”

ಕರೆದಿರಲಿಲ್ಲ. ಕರೆಯಬೇಕಾಗಿದ್ದವಳು ಸತ್ತಿದ್ದಕ್ಕೆ ತಾನಾಗಿ ಬಂದಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ಮೋನಮ್ಮ ಉಗುರಿಗೆ ಹತ್ತಿದ ಹಸಿರನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಸಂಜೆ ಪಂಚಶೀಲಾ ಹಳೆಯ ಎಲೆಗಳ ಗಿಡಗಳನ್ನೇ ಒಳಗೆ ತಂದು ಬುಟ್ಟಿ ಮುಚ್ಚಿದಳು. ಬೇರೇನು ಮಾಡುವುದೆಂದು ತಿಳಿಯಲಿಲ್ಲ.

ಮಂಗಳವಾರ ಎದ್ದಾಗ ಕೌದಿ ಮಡಚಿಟ್ಟಿತ್ತು. ಕೂಸಿನ ಸ್ನಾನದ ನೀರು ಕಾದು ಮುಚ್ಚಿಟ್ಟಿತ್ತು, ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಮೋನಮ್ಮ ಇರಲಿಲ್ಲ.

“ಬಸ್‌ಸ್ಟ್ಯಾಂಡಿಗೆ ಹೋಗ್ಯಾಳ ನಿಮ್ಮ ಅತ್ತಿ” ಎಂದಳು ಖುರ್ಷೀದಬೇಗಂ. “ಕೂಸಿನ ಕಡಿ ಜರಾ ಧ್ಯಾನ ಇಡು ಅಂತ ನನಗ ಹೇಳಿ ಹೋದ್ಲು. ಬರ್ತೀನಿ ಅಂತ ಅನ್ನಲಿಲ್ಲ, ಬರಂಗಿಲ್ಲ ಅಂತೂ ಅನ್ನಲಿಲ್ಲ.”

ಗಂಡನಿಗೆ ಫೋನ್ ಮಾಡಿದಳು. “ಎಲ್ಲಿ ಹೋಗ್ತಾಳ ಬಿಡು, ಹೊಲದ ಕಡಿ ಜೀವ ಎಳದಿರ್ತದ” ಎಂದ ಬುದ್ಧಪ್ರಿಯ. “ನಾ ನಾಳಿ ಸಂಜಿಗೆ ಬರ್ತೀನಿ. ನೀ ಸುಮ್ನ ಫಿಕರ್ ಮಾಡಬ್ಯಾಡ... ಹಿಂದ ಸರೀರಿ, ಹಿಂದ ಖಾಲಿ ಐತಿ... ಶೀಲಾ, ಆಮ್ಯಾಲ ಮಾಡ್ತೀನಿ.” ಆಮೇಲೆ ಮಾಡಲಿಲ್ಲ.

ಚುಚ್ಚುಮದ್ದಿನ ಕಾವಿಗೆ ಕೂಸು ದಿನವಿಡೀ ಕೊಸರಾಡಿತು. ಕಾವು ಏರಿತೋ ಇಳಿಯಿತೋ ಎಂದು ಪಂಚಶೀಲಾ ಅದರ ಹಣೆಗೆ ಅಂಗೈ, ಅಂಗೈ ಸುಳ್ಳು ಹೇಳುತ್ತದೇನೋ ಎಂದು ಕೆನ್ನೆ, ಕೆನ್ನೆಯೂ ಬಿಸಿಯಾಗಿದೆಯೇನೋ ಎಂದು ಮತ್ತೆ ಥರ್ಮಾಮೀಟರ್ ಇಟ್ಟು ನೋಡಿದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಎರಡು ಕೋಣೆಗಳ ನಡುವೆ ಅಡ್ಡಾಡಿದಳು. ಕಿಟಕಿಯಾಚೆ, ಮಲಗಿದ ಬುದ್ಧನಂತೆ ತೋರುವ ಊರಿನ ಗುಡ್ಡ ಕಾಣುತ್ತಿತ್ತು. ಹಣೆ, ಮೂಗು, ಗದ್ದ. ಎಂದೂ ಏಳದ, ಏನಾಯಿತೆಂದು ಕೇಳದ ಮುಖ. ಮೂಲೆಯಲ್ಲಿ ಬುಟ್ಟಿಗಳು. ಅವುಗಳ ಕೆಳಗೆ ಬೆಳಕಿಲ್ಲದೆ ಎಲೆಗಳು ಕೂಡಿಟ್ಟದ್ದನ್ನೇ ಸ್ವಲ್ಪ ಸ್ವಲ್ಪವಾಗಿ ತಿಂದು ಜೀವ ಹಿಡಿದಿರುತ್ತವೆ. ಇನ್ನೊಬ್ಬರ ಮನೆಯೊಳಗೆ ಬಂದು ಒಂದೊಂದಾಗಿ ಎಲ್ಲ ಕೊಟ್ಟುಬಿಟ್ಟ ಕಣದ ಕಥೆಯನ್ನು ತಾನು ಅತ್ತೆಗೆ ಹೇಳುವಾಗ ಅದು ತನ್ನದೇ ಕಥೆ ಎಂದುಕೊಂಡಿದ್ದಳು. ಮನೆಗೆ ಕೀಲಿ ಜಡಿದು ಬಂದವಳು ಎದುರಿಗೇ ಕೂತು ಕೇಳುತ್ತಿದ್ದಳು. ಅದು ಈಗ ಹೊಳೆಯಿತು. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಸದ್ದಾಯಿತು. ಮೋನಮ್ಮ. ಕಾಲಿಗೆ ಮೊಣಕಾಲ ತನಕ ಎರೆಮಣ್ಣು. ಸೆರಗಿನೊಳಗಿಂದ ಒದ್ದೆ ಬಟ್ಟೆಯ ಗಂಟು ತೆಗೆದು ನೆಲಕ್ಕಿಟ್ಟಳು.

“ತಗೋ. ಕುಡಿ. ನಮ್ಮೂರ ಸಪ್ನಾನ ಹೊಲದಾಗ ಚಿವುಟೋದು ನಡದಿತ್ತು. ಬೇಡಿ ತಂದೀನಿ, ಎಲ್ಲಾ ಎಳೀವೇ ಆರಿಸೀನಿ. ಬಿಸಲ ಬೀಳಲಾರದಂಗ ಸೆರಗಿನ್ಯಾಗ ಮುಚಗೊಂಡು ಬಂದೀನಿ. ಮುಂಜಾನಿಂದ ಕತ್ತಲದಾಗೇ ಅದಾವ.”

ಗಂಟು ಬಿಚ್ಚಿದರೆ ಹೊಲದ ತೊಗರಿ. ಮೋನಮ್ಮನಿಗೆ ಎಲೆ ಎಂದರೆ ಎಲೆ. ತೊಗರಿ ಎಂದರೆ ತೊಗರಿ. ಹೊಲದ ತೊಗರಿಯ ಹಸಿರು ಕಣದ ಸೂತ್ರವನ್ನು ಬೇರೆಯವರು ಎಂದೋ ಓದಿ ಮುಗಿಸಿದ್ದಾರೆ; ಅದರಿಂದ ಕಾಸಿನ ಪ್ರಯೋಜನವಿಲ್ಲ. ಪಂಚಶೀಲಾ ಕುಡಿಗಳ ಮೇಲೆ ಕೈಯಾಡಿಸಿದಳು. ತಣ್ಣಗಿದ್ದವು.

“ಬೇಷಾತ್ರಿ ಅತ್ತಿ” ಎಂದಳು.

“ಕೂಸಿಗೆ ಜ್ವರ ಬಂದಿದ್ವೇನು?”

“ಜರಾ ಕಾವು. ಈಗ ಇಳದೈತಿ.”

ನಿನ್ನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಪಂಚಶೀಲಾಳಿಗೆ ಆಮೇಲೆ ಅನಿಸಿತು.

ಬುಧವಾರ ಖುರ್ಷೀದಬೇಗಂ ಕೊಟ್ಟ ಹಳೆಯ ಬುರ್ಖಾದ ಬಟ್ಟೆಯನ್ನು ಎರಡು ಬಕೆಟ್ಟುಗಳಿಗೆ ಹೊದಿಸಿ, ಮಗುವನ್ನು ಮೊದಲ ಸಲ ಬಿಟ್ಟು, ಪಂಚಶೀಲಾ ಕಲಬುರಗಿ ಬಸ್ಸು ಹತ್ತಿದಳು. ಕಂಡಕ್ಟರ್ ಗಂಡನ ಗೆಳೆಯ. “ವೈನಿ, ಹೆಣ್ಣಮಕ್ಕಳಿಗಷ್ಟ ಫ್ರೀ. ಈ ಬುರ್ಖಾದವರು ಯಾರು?” ಎಂದ.

“ಕಾಡತೊಗರಿ. ತಾಯಿ ಕಡಿ ಸಂಬಂಧ” ಎಂದಳು. ಅವನು ನಕ್ಕು ಮುಂದೆ ಹೋದ. ಜೇವರ್ಗಿ ದಾಟುವ ತನಕ ಅವಳು ಮೂರು ಸಲ ಮನೆಗೆ ಫೋನ್ ಮಾಡಿದಳು. ಮೂರು ಸಲವೂ ಮೋನಮ್ಮ, “ಐತವ್ವ, ಇಲ್ಲೇ ಐತಿ ಕೂಸು, ಎಲ್ಲಿ ಹೋಗ್ತದ” ಎಂದಳು.

ಮುಜಫರ ಸರ್ ಬಟ್ಟೆ ಸರಿಸಿ ನೋಡಿದರು. ಹಳೆಯ ಎಲೆಗಳನ್ನೇ ಕತ್ತರಿಸಿ, ಅರೆದು, ಸೋಸಿ, ತಿರುಗಿಸುವ ಯಂತ್ರಕ್ಕಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ತಳದಲ್ಲಿ ಉಳಿದದ್ದು ಬಲಿತ ಎಲೆಯ ಕಂದು ಬಣ್ಣದ ಅಂಟು ಮಾತ್ರ. ಇನ್ನೊಮ್ಮೆ ಮಾಡಿದರು. ಮತ್ತೆ ಅಂಟು. ಅಷ್ಟರಲ್ಲಿ ಉಳಿದವರ ಸ್ಯಾಂಪಲ್ಲುಗಳ ಪೆಟ್ಟಿಗೆಗೆ ಐಸು ತುಂಬಿ ಟೇಪು ಸುತ್ತಿದರು.

“ಆಗಲಿಲ್ಲಮ್ಮಾ” ಎಂದರು ಸರ್, ಕನ್ನಡಕ ಒರೆಸುತ್ತ. ಆಮೇಲೆ ಮೇಜಿನ ಮೇಲಿನ ಒದ್ದೆ ಗಂಟು ತೋರಿಸಿ, “ಇದೇನು?” ಎಂದರು.

“ನಮ್ಮ ಅತ್ತಿ ಕೊಟ್ಟಾರ್ರಿ. ಹೊಲದ್ದು.”

“ಇದನ್ನ ಓದಿ ಮುಗಿಸ್ಯಾರಲ್ಲ.”

“ಗೊತ್ರಿ ಸರ್.”

ತಿರುಗಿ ಬರುವ ಬಸ್ಸಿನಲ್ಲಿ ಬಕೆಟ್ಟುಗಳನ್ನು ಕಾಲ ಬಳಿ ಇಟ್ಟು ಕಿಟಕಿಯ ಪಕ್ಕ ಕೂತಳು. ಕೂಸು ಕುಡಿಯದ ಹಾಲು ಎದೆಯಲ್ಲಿ ಕಲ್ಲಾಗಿ, ಕುಪ್ಪಸ ತೋಯ್ದು, ಸೆರಗು ಹೊದ್ದುಕೊಂಡಳು. ಗಂಟನ್ನು ಎಸೆಯಲು ಮನಸ್ಸಾಗಲಿಲ್ಲ. ಮನೆಗೆ ಒಯ್ದರೆ ಮೋನಮ್ಮ ನೋಡುತ್ತಾಳೆ. ಬಸ್ಸು ಜೇವರ್ಗಿಯಲ್ಲಿ ನಿಂತಾಗ ಇಳಿದು, ನಿಲ್ದಾಣದ ಮೂಲೆಯಲ್ಲಿ ಮಲಗಿದ್ದ ದನದ ಮುಂದೆ ಕುಡಿಗಳನ್ನು ಹರಡಿ, ಅದು ತಿನ್ನುವ ತನಕ ನಿಂತು, ಬಟ್ಟೆ ಮಡಚಿ ತಂದಳು.

“ಆತೇನವ್ವ?” ಎಂದಳು ಮೋನಮ್ಮ, ಕೂಸನ್ನು ಕೈಗೆ ಕೊಡುತ್ತ.

“ಆಗಲಿಲ್ರಿ.”

“ನಾ ತಂದದ್ದು?”

ಕೂಸು ಬಾಯಿ ಹಚ್ಚಿತ್ತು. ಪಂಚಶೀಲಾ ಅದರ ತಲೆಯನ್ನೇ ನೋಡುತ್ತ, “ಅದನ್ನ ಸರ್ ಇಟಗೊಂಡಾರ್ರಿ” ಎಂದಳು.

“ಹಂಗಾರ ಅದರ ಕೆಲಸಕ್ಕ ಬಂತು” ಎಂದು ಮೋನಮ್ಮ ಒಲೆಯ ಕಡೆ ಹೋದಳು.

ಗಿಡಗಳನ್ನು ಮತ್ತೆ ಗೋಡೆಯ ಬದಿಗೆ ಬಿಸಿಲಿಗಿಟ್ಟದ್ದಾಯಿತು. ಮಳೆ ಎರಡು ಸಲ ಬಂದು ಹೋಯಿತು. ಚಿವುಟಿದಲ್ಲೆಲ್ಲ ಕೆಳಗಿನ ಕಂಕುಳಿನಿಂದ ಹೊಸ ಚಿಗುರು ಒಡೆಯಿತು. ಒಂದಿದ್ದಲ್ಲಿ ಜೋಡಿ, ಜೋಡಿಯಿದ್ದಲ್ಲಿ ಇನ್ನೂ. ಯಾರಿಗೂ ಬೇಡದ ಎಳೆಯ ಎಲೆಗಳು ಗೋಡೆ ತುಂಬಿದವು. ಮೋನಮ್ಮ ನೀರು ಹನಿಸುತ್ತಿದ್ದಳು, ಮುಟ್ಟುತ್ತಿರಲಿಲ್ಲ. ನೀರು ಹಾಕಿದ ಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಅದನ್ನು ನೋಡುವುದು ಪಂಚಶೀಲಾಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಒಂದು ಮುಂಜಾನೆ ಗಿಡಗಳ ಮುಂದೆ ಕೂತಳು. ಮುಂದಿನ ಸಲ ಯಾವಾಗಲೋ, ಯಾರ ಕೈಕೆಳಗೋ, ಬರುತ್ತದೋ ಇಲ್ಲವೋ. ಎಲೆ ಕಾಯುವುದಿಲ್ಲ; ಬೀಜ ಕಾಯುತ್ತದೆ. ಕೊಂಬೆ ಹೆಚ್ಚಾದರೆ ಹೂ ಹೆಚ್ಚು, ಕಾಯಿ ಹೆಚ್ಚು.

“ಅತ್ತಿ, ಇವನ್ನ ಇನ್ನೊಮ್ಮೆ ಚಿವುಟಬೇಕೇನ್ರಿ?”

ಹೊಸ್ತಿಲ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡು ಕೂತಿದ್ದ ಮೋನಮ್ಮ ಹೇಳಿದಳು: “ನಿನ್ನ ಗಿಡ.”

“ಬೀಜ ಬೇಕ್ರಿ ನನಗ. ಬಾಳ ಬೀಜ.”

“ಹಂಗಾದ್ರ ಚಿವುಟು.”

“ನೀವ ಬರ್ರಿ.”

“ಕೂಸು ಮಲಗೈತಿ” ಎಂದಳು ಮೋನಮ್ಮ, ಕದಲಲಿಲ್ಲ. “ಅಲ್ಲಲ್ಲ, ಜರಾ ಮ್ಯಾಲ. ಎಳದು ಹರೀಬ್ಯಾಡ, ಉಗುರಿಲೆ ಕತ್ತರಸು. ಹಾಂ, ಅಷ್ಟ.”

ಪಂಚಶೀಲಾ ಚಿವುಟಿದಳು. ಒಂದಾದ ಮೇಲೆ ಒಂದು. ಉಗುರಿಗೆ ಹಸಿರು ಹತ್ತಿತು. ಸರ್ ಕೇಳಿದ್ದಂಥವೇ ಎಳೆಯ ಎಲೆಗಳು ಅಂಗೈ ತುಂಬಿದವು. ಅವನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತಳು. ಹೊಸ್ತಿಲಿನಿಂದ ಮೋನಮ್ಮ ಗೋಡೆಯ ಕಡೆ ನೋಡಿದಳು. ಗೋಡೆಯಾಚೆ ಆಡು ಮುಂಗಾಲೆತ್ತಿ ಇಟ್ಟ ಸದ್ದಾಯಿತು.